ವೆಲ್ಲೂರಿನಲ್ಲಿ ಸ್ವಯಂಪಾಕ

ಪರಸ್ಥಳದಲ್ಲಿ ಎರಡು ದಿನ ತಂಗುವವನಿಗೆ ಮಂಚವೊಂದಿದ್ದರೆ ಸಾಕು. ಇಪ್ಪತ್ತು ದಿನ ತಂಗುವವನಿಗೆ ಒಲೆಯೂ ಬೇಕು. ಈ ಸಂಗತಿಯನ್ನು ನಮ್ಮ ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಯಾತ್ರಾಮಾರ್ಗಗಳ ಛತ್ರಗಳಲ್ಲಿ ಕೆಲವು ಸಿದ್ಧಾನ್ನವನ್ನೇ ಬಡಿಸುತ್ತಿದ್ದವು. ಕೆಲವು ಅಕ್ಕಿ, ಬೇಳೆ, ಸೌದೆಗಳನ್ನು ಪಡಿಯಾಗಿ ಕೊಟ್ಟು ಒಲೆಯನ್ನು ತೋರಿಸಿಬಿಡುತ್ತಿದ್ದವು. ಬಂದವರು ಸ್ನಾನ ಮಾಡಿ ತಮ್ಮ ಅನ್ನವನ್ನು ತಾವೇ ಬೇಯಿಸಿಕೊಳ್ಳುವರು. ಇದಕ್ಕೆ ಸ್ವಯಂಪಾಕವೆಂದು ಹೆಸರು. ಸಂಸ್ಕೃತದಲ್ಲಿ ‘ಆವಸಥ’ವೆಂದರೆ ವಾಸಸ್ಥಾನ, ಅತಿಥಿಗಳು ಇಳಿದುಕೊಳ್ಳುವ ಮನೆ. ಆ ಶಬ್ದದಿಂದಲೇ ಹುಟ್ಟಿದ ‘ಆವಸಥ್ಯ’ವೆಂಬುದು ಗೃಹಸ್ಥನು ಇಟ್ಟುಕೊಳ್ಳುವ ಅಗ್ನಿಗಳಲ್ಲಿ ಒಂದರ ಹೆಸರು. ಬಿಡಾರಕ್ಕೂ ಬೆಂಕಿಗೂ ಅಷ್ಟು ಹತ್ತಿರದ ನಂಟು. ಹೋಟೆಲುಗಳು ಬಂದಮೇಲೆ ಈ ನಂಟು ಕಡಿಯಿತು. ಕೊಠಡಿಯೊಳಗೆ ಒಲೆ ಹಚ್ಚಕೂಡದೆಂಬ ಹಲಗೆಯನ್ನು ಈಗ ಎಷ್ಟೋ ವಸತಿಗೃಹಗಳಲ್ಲಿ ಕಾಣುತ್ತೇವೆ. ಆದರೆ ಒಲೆಯಿರುವ ಕೊಠಡಿಯನ್ನೇ ಜನರು ಹುಡುಕಿಕೊಂಡು ಅಲೆಯುವ ಊರೊಂದುಂಟು. ಅದು ತಮಿಳುನಾಡಿನ ವೆಲ್ಲೂರು. ಈ ವರ್ಷದ ಮಾಘಮಾಸದಲ್ಲಿ ನಾವು ಅಲ್ಲಿ 19 ದಿನ ಬಿಡಾರ ಮಾಡಿದ್ದೆವು.

ನಾವು ತೀರ್ಥಯಾತ್ರೆಗೆ ಹೋದವರಲ್ಲ. ದೀಪಾವಳಿಯ ಹೊತ್ತಿಗೆ ನಮ್ಮ ಮನೆಯವರಿಗೆ ಕಾಲು ಊದಿಕೊಳ್ಳತೊಡಗಿತು. ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತಲೂ ಬಾತಿರುತ್ತಿದ್ದಿತು. ನಮ್ಮ ಊರಿನ ವೈದ್ಯರು ಮೂತ್ರಪರೀಕ್ಷೆ ಮಾಡಿಸಿ, ರಕ್ತದಲ್ಲಿ ನಿಲ್ಲಬೇಕಾದ ಸಾರವು ಮೂತ್ರಪಿಂಡದ ಜಾಲರಿಯಿಂದ ಸೋರಿಹೋಗುತ್ತಿದೆಯೆಂದೂ, ಸೋರಿಕೆಗೆ ಕಾರಣವೇನೆಂಬುದನ್ನು ಪಿಂಡದ ಒಂದು ಎಳೆಯನ್ನು ತೆಗೆದು ನೋಡಿದಲ್ಲದೆ ಹೇಳಲಾಗದೆಂದೂ ತಿಳಿಸಿದರು. ನಮ್ಮ ಹಳೆಯ ಶಿಷ್ಯನೊಬ್ಬ ವೆಲ್ಲೂರಿನಲ್ಲಿ ವ್ಯಾಸಂಗ ಮಾಡಿ ವೈದ್ಯನಾದವನು. ಅವನು, “ಮೇಷ್ಟ್ರೇ, ಅಮ್ಮನವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಹದಿನೈದು ಇಪ್ಪತ್ತು ದಿನಗಳ ಏರ್ಪಾಡಿನಲ್ಲಿಯೇ ಹೊರಡಿ. ಅಡಿಗೆ ಮಾಡಿಕೊಳ್ಳುವುದಕ್ಕೆ ಆಗುವ ಕೊಠಡಿಯನ್ನೇ ಹಿಡಿಯಿರಿ” ಎಂದು ಹೇಳಿದನು. ಈ ಕಡೆಯ ಮಾತನ್ನು ನಾವು ಆಗ ಅಷ್ಟಾಗಿ ಲೆಕ್ಕಿಸಲಿಲ್ಲ.

ಬೆಂಗಳೂರಿನಿಂದ ಹೊರಟ ರೈಲು ಬಂಗಾರಪೇಟೆ, ಕುಪ್ಪಂ, ಜೋಲಾರಪೇಟೆ, ಆಂಬೂರುಗಳನ್ನು ಹಾದು ಕಾಟ್ಪಾಡಿ ಜಂಕ್ಷನ್ನಿಗೆ ಬರುತ್ತದೆ. ವೆಲ್ಲೂರಿಗೆ ಹೋಗುವವರು ಅಲ್ಲಿ ಇಳಿಯುತ್ತಾರೆ. ನಿಲ್ದಾಣಕ್ಕೂ ಊರಿಗೂ ನಡುವೆ ಪಾಲಾರ್ ನದಿ. ಸೇತುವೆಯ ಮೇಲಿಂದ ನೋಡಿದರೆ ನೀರಿಗಿಂತ ಮರಳೇ ಹೆಚ್ಚು. ಈ ನದಿಯು ಹುಟ್ಟುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿ. ಕೋಲಾರದ ಕಡೆಯಿಂದ ಆಂಧ್ರದ ಅಂಚನ್ನು ದಾಟಿ ತಮಿಳುನಾಡನ್ನು ಸೇರಿ, ಚೆನ್ನೈಗೆ ದಕ್ಷಿಣದಲ್ಲಿ ಸಮುದ್ರಕ್ಕೆ ಬೀಳುತ್ತದೆ. ಹೆಸರಿನ ಅರ್ಥ ಹಾಲಿನ ಹೊಳೆ. 2021ರ ನವೆಂಬರಿನಲ್ಲಿ ಇದು ದಡಮೀರಿ ಹರಿದುದನ್ನು ನಮ್ಮ ಆಟೋದವನು ಕೈಯೆತ್ತಿ ತೋರಿಸಿ ವರ್ಣಿಸಿದನು. ಮರಳನ್ನು ನೋಡುತ್ತಾ ನಂಬುವುದು ಕಷ್ಟವಾಗಿದ್ದಿತು.

ಈ ಊರಿಗೆ ಜನರು ಏಕೆ ಬರುತ್ತಾರೆಂಬುದಕ್ಕೆ ಒಂದು ಕಥೆಯುಂಟು. ರಾಣಿಪೇಟೆಯಲ್ಲಿ 1870ರಲ್ಲಿ ಹುಟ್ಟಿದ ಐಡಾ ಸ್ಕಡರ್ ಎಂಬ ಅಮೆರಿಕದ ಹೆಣ್ಣುಮಗಳು, ವೈದ್ಯರಾಗಿದ್ದ ತಂದೆಯ ಬಳಿ ತಿಂಡಿವನದಲ್ಲಿದ್ದಾಗ, ಒಂದೇ ರಾತ್ರಿ ಮೂವರು ಗಂಡಸರು ಬೇರೆಬೇರೆಯಾಗಿ ಬಂದು, ಪ್ರಸವವೇದನೆಯಲ್ಲಿದ್ದ ತಮ್ಮ ಹೆಂಡಿರಿಗೆ ಸಹಾಯ ಮಾಡಬೇಕೆಂದು ಆಕೆಯನ್ನು ಬೇಡಿದರಂತೆ. ಆಕೆ ವೈದ್ಯೆಯಲ್ಲ, ತಂದೆಯನ್ನು ಕಳುಹಿಸುವೆನೆಂದರೆ ಪರಪುರುಷನು ಬೇಡವೆಂದು ಹೊರಟುಹೋದರು. ಬೆಳಗಾಗುವುದರೊಳಗೆ ಮೂವರು ಹೆಂಗಸರೂ ತೀರಿಕೊಂಡರು. ಐಡಾ ಅಮೆರಿಕೆಗೆ ಹೋಗಿ ವೈದ್ಯವಿದ್ಯೆ ಕಲಿತು ಬಂದು 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಮಂಚದ ಚಿಕಿತ್ಸಾಲಯವನ್ನು ತೆರೆದರು. 1902ರಲ್ಲಿ ಅದು 40 ಮಂಚಗಳ ಆಸ್ಪತ್ರೆಯಾಯಿತು. 1918ರಲ್ಲಿ ಹೆಂಗಸರಿಗಾಗಿ ವೈದ್ಯಶಾಲೆ ಆರಂಭವಾಯಿತು. ಇಂದಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಅದರಿಂದ ಬೆಳೆದುದು. ಕುಷ್ಠದಿಂದ ಮುದುಡಿದ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಮತ್ತೆ ಕೆಲಸಕ್ಕೆ ಬರುವಂತೆ ಮಾಡುವ ವಿದ್ಯೆಯನ್ನು ಪಾಲ್ ಬ್ರಾಂಡ್ ಎಂಬ ವೈದ್ಯರು 1948ರ ಸುಮಾರಿಗೆ ಇಲ್ಲಿ ಸಾಧಿಸಿದರು. 1971ರಲ್ಲಿ ಮೂತ್ರಪಿಂಡದ ಕಸಿಯೂ ಇಲ್ಲಿ ನಡೆಯಿತು. ಹೀಗೆ ಹೆಸರು ಹಬ್ಬಿದಂತೆಲ್ಲ ದೂರದವರು ಬರಲಾರಂಭಿಸಿದರು. ಈಗ ಆಸ್ಪತ್ರೆಯ ಸುತ್ತಣ ಬೀದಿಗಳಲ್ಲಿ ತಮಿಳಿನ ಪಕ್ಕದಲ್ಲಿಯೇ ಬಂಗಾಳಿ ಅಕ್ಷರದ ಬೋರ್ಡುಗಳು ತೂಗುತ್ತವೆ. ಬಂಗಾಳ, ಅಸ್ಸಾಂ, ತ್ರಿಪುರ, ಜಾರ್ಖಂಡ, ಬಿಹಾರಗಳವರು ಎರಡು ರಾತ್ರಿ ರೈಲಿನಲ್ಲಿ ಕುಳಿತು ಬಂದು ಇಳಿಯುತ್ತಾರೆ. ಕನ್ನಡದವರನ್ನು ಬೆರಳಿನಲ್ಲಿ ಎಣಿಸಬಹುದು.

ಇಷ್ಟು ಜನರು ಬಂದು ಮಾಡುವುದೇನು? ಹೆಚ್ಚಿನ ದಿನಗಳು ಕಾಯುವುದರಲ್ಲಿ ಕಳೆಯುತ್ತವೆ. ಸೋಮವಾರ ರಕ್ತ ಕೊಟ್ಟರೆ ಬುಧವಾರ ವೈದ್ಯರ ದರ್ಶನ. ಅವರು ಇನ್ನೊಂದು ಪರೀಕ್ಷೆ ಬರೆದರೆ ಮುಂದಿನ ವಾರ. ರೋಗಿಯು ಆಸ್ಪತ್ರೆಯ ಮಂಚದಲ್ಲಿ ಮಲಗುವುದು ಒಂದೆರಡು ದಿನ, ಬಿಡಾರದಲ್ಲಿರುವುದು ವಾರಗಟ್ಟಲೆ. ಆದಕಾರಣ ಅಲ್ಲಿನ ಲಾಡ್ಜಿನವರು ಕೇಳುವ ಮೊದಲ ಪ್ರಶ್ನೆಯೇ ಬೇರೆ. ನಾವು ಹೋದ ನಾಲ್ಕು ಅಂತಸ್ತಿನ ಲಾಡ್ಜಿನಲ್ಲಿ ಮ್ಯಾನೇಜರು ನಮ್ಮ ಊರನ್ನಾಗಲಿ ಹೆಸರನ್ನಾಗಲಿ ಕೇಳುವುದಕ್ಕೆ ಮುಂಚೆಯೇ, “ಕುಕಿಂಗ್ ರೂಮಾ, ಸಾದಾ ರೂಮಾ ಸಾರ್?” ಎಂದನು. ಬಾಯಿತುಂಬ ಬಂಗಾಳಿ ಮಾತನಾಡುವ ತಮಿಳನು ಅವನು, ಹಿಂದಿಯನ್ನೂ ಬಲ್ಲನು. ನಮ್ಮೊಡನೆ ನಾಲ್ಕು ಕನ್ನಡ ಮಾತುಗಳನ್ನೂ ಆಡಿದನು.

ಅವನು ‘ಫ್ಯಾಮಿಲಿ ಸೂಟ್’ ಎಂದು ಕರೆದ ವಸ್ತುವನ್ನು ವಾಚಕರು ಊಹೆಯಿಂದ ದೊಡ್ಡದು ಮಾಡಿಕೊಳ್ಳಬಾರದು. ಎರಡು ಮಂಚಗಳ ಒಂದು ಕೊಠಡಿ. ಅದರ ಮೂಲೆಯಲ್ಲಿ ಎದೆಯೆತ್ತರದ ಅಡ್ಡಗೋಡೆ. ಅದರ ಹಿಂದೆ ಕಡಪಕಲ್ಲಿನ ಕಟ್ಟೆ, ಒಂದು ಸಿಂಕು, ಒಂದು ನಲ್ಲಿ, ಮೇಲೆ ಹೊಗೆ ಎಳೆಯುವ ಫ್ಯಾನು, ಎರಡು ಗೂಡು. ಬಾಡಿಗೆ ದಿನಕ್ಕೆ 650 ರೂಪಾಯಿ. ಒಂದು ಬಾಯಿಯ ಗ್ಯಾಸ್ ಒಲೆಗೂ 5 ಕಿಲೋ ಸಿಲಿಂಡರಿಗೂ ಬೇರೆ ಬಾಡಿಗೆ. ಪಾತ್ರೆಗಳು ಎದುರಿನ ಅಂಗಡಿಯಲ್ಲಿ ಬಾಡಿಗೆಗೆ ದೊರೆಯುವುವು. ಕುಕ್ಕರು, ಬಾಣಲೆ, ಎರಡು ತಟ್ಟೆ, ಎರಡು ಲೋಟ, ಸೌಟು, ಇಕ್ಕಳ ಎಂದು ಚೀಟಿಯಲ್ಲಿ ಬರೆದು, ಮುಂಗಡ ತೆಗೆದುಕೊಂಡು ಕೊಟ್ಟರು. ಕುಕ್ಕರಿನ ತಳದಲ್ಲಿ ಹಿಂದೆ ಯಾರೋ ಸೀಯಿಸಿದ ಗುರುತು ಇದ್ದಿತು. ಮನೆಯವರು ಅದನ್ನು ಎರಡು ಸಲ ಹುಣಿಸೆಹಣ್ಣು ಹಾಕಿ ತಿಕ್ಕಿದರು.

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ಊಹಿಸಬೇಕೆಂದೂ, ಅದಕ್ಕೆ ಅಡಿಗೆಮನೆಯೇ ದೃಷ್ಟಾಂತವೆಂದೂ ನಮಗೆ ತರ್ಕಶಾಸ್ತ್ರದ ಮೊದಲ ಪಾಠದಲ್ಲಿ ಹೇಳಿಕೊಟ್ಟಿದ್ದರು. ಬೆಂಕಿಯಿದ್ದೂ ಹೊಗೆಯಿಲ್ಲದುದಕ್ಕೆ ಕಾದ ಕಬ್ಬಿಣದ ಗುಂಡು ದೃಷ್ಟಾಂತ. ಈ ಗ್ಯಾಸ್ ಒಲೆಯ ಅಡಿಗೆಮನೆಯು ಆ ಎರಡನೆಯ ಪಂಕ್ತಿಗೆ ಸೇರಿಹೋಗಿದೆ. ಮುಂದಿನ ತರ್ಕದ ಮೇಷ್ಟರು ಹೊಸ ಉದಾಹರಣೆಯನ್ನು ಹುಡುಕಿಕೊಳ್ಳಬೇಕಾದೀತು. ಇದನ್ನು ಮನೆಯವರಿಗೆ ಹೇಳಿದೆವು. “ಮೊದಲು ಬೆಂಕಿಪೊಟ್ಟಣ ತನ್ನಿ” ಎಂದರು.

ನಮ್ಮ ಶಿಷ್ಯನ ಮಾತಿನ ಅರ್ಥವು ಮೂರನೆಯ ದಿನ ತಿಳಿಯಿತು. ಆಹಾರದ ವಿಷಯ ಹೇಳುವ ಹೆಣ್ಣುಮಗಳು ಆಸ್ಪತ್ರೆಯಲ್ಲಿ ಮನೆಯವರನ್ನು ಎದುರಿಗೆ ಕೂರಿಸಿಕೊಂಡು, ದಿನಕ್ಕೆ ಎಲ್ಲ ಸೇರಿ 3 ಗ್ರಾಂ ಉಪ್ಪು, ಅಂದರೆ ಚಹದ ಚಮಚದಲ್ಲಿ ಅರ್ಧ, ಅದಕ್ಕೆ ಮೀರಕೂಡದೆಂದು ಹೇಳಿದರು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಕುರುಕಲು ಎಲ್ಲವೂ ನಿಷಿದ್ಧ. ಉಪ್ಪಿಗಿಂತ ರುಚಿಯಿಲ್ಲವೆಂದು ಗಾದೆ ಕಟ್ಟಿದ ನಾಡಿನವರಿಗೆ ಇದು ಸಣ್ಣ ಮಾತೆ? ಬೀದಿಯ ಹೋಟೆಲುಗಳಲ್ಲಿ ಇಡ್ಲಿಯೂ ಸಾಂಬಾರೂ ಚೆನ್ನಾಗಿಯೇ ಇದ್ದವು. ಆದರೆ ನೂರು ಜನರಿಗೆ ಬೇಯಿಸಿದ ಹಂಡೆಯಿಂದ ಒಬ್ಬರ ಉಪ್ಪನ್ನು ಹಿಂದಕ್ಕೆ ತೆಗೆಯುವುದು ಹೇಗೆ? ಅಂದಿನಿಂದ ಆ ಕಡಪಕಲ್ಲಿನ ಕಟ್ಟೆಯು ಚಿಕಿತ್ಸೆಯ ಒಂದು ಅಂಗವಾಯಿತು. ಮನೆಯವರು ಬೆಳಗ್ಗೆ ಔಷಧದ ಸೀಸೆಯ ಮುಚ್ಚಳದಲ್ಲಿ ದಿನದ ಉಪ್ಪನ್ನು ಅಳೆದು ಗೂಡಿನಲ್ಲಿಡುವರು. ಸಾರಿಗೂ ಪಲ್ಯಕ್ಕೂ ಚಿಟಿಕೆ ಚಿಟಿಕೆಯಾಗಿ ಅದರಿಂದಲೇ. ಕೊರತೆಯನ್ನು ಮೆಣಸು, ನಿಂಬೆ, ಕೊತ್ತಂಬರಿ, ಇಂಗಿನ ಒಗ್ಗರಣೆಗಳು ತುಂಬಬೇಕು. ಒಂದು ಬಾಯಿಯ ಒಲೆಯಲ್ಲಿ ಎರಡು ಬಗೆಯ ಅಡಿಗೆ ಆಗದಾದುದರಿಂದ ನಾವೂ ಅದನ್ನೇ ಉಂಡೆವು. ನಾಲ್ಕು ದಿನ ಬಾಯಿ ತಕರಾರು ಮಾಡಿತು. ಆಮೇಲೆ ಬದನೆಕಾಯಿಯ ನಿಜವಾದ ರುಚಿ ಏನೆಂಬುದು ತಿಳಿಯಿತು. ಅಲ್ಲಿನ ಇಲವಂಬಾಡಿಯ ಮುಳ್ಳುಬದನೆ ಪ್ರಸಿದ್ಧವಾದುದು. ಭೌಗೋಳಿಕ ಸೂಚಕದ ಮನ್ನಣೆಯೂ ಅದಕ್ಕೆ ದೊರೆತಿದೆ. ತೊಟ್ಟಿನ ಮೇಲೆ ಮುಳ್ಳು, ಒಳಗೆ ಬೆಣ್ಣೆ. ಸಂಜೆ ಮುಚ್ಚಳದ ತಳದಲ್ಲಿ ನಾಲ್ಕು ಹರಳು ಉಪ್ಪು ಉಳಿದಿದ್ದರೆ ಮನೆಯವರು ಅದನ್ನು ನಮಗೆ ತೋರಿಸಿ ಸಂತೋಷಪಡುವರು.

ರೋಗಿಯೆಂದು ಮಲಗಿಸಿಬಿಟ್ಟಿದ್ದರೆ ಆಕೆಯು ಆ ದಿನಗಳನ್ನು ಹೇಗೆ ಕಳೆಯುತ್ತಿದ್ದರೋ ಕಾಣೆವು. ಆಸ್ಪತ್ರೆಯ ಸಾಲಿನಲ್ಲಿ ಆಕೆಗೆ ಒಂದು ಸಂಖ್ಯೆಯಿದ್ದಿತು. ಕೊಠಡಿಗೆ ಬಂದು ಸೆರಗು ಸಿಕ್ಕಿಸಿದೊಡನೆ ಮನೆಯ ಯಜಮಾನಿ. ಭಾರ ಎತ್ತುವುದು, ನೀರು ತರುವುದು, ಪಾತ್ರೆ ತೊಳೆಯುವುದು ನಮ್ಮ ಪಾಲಿಗೆ. ಒಲೆಯ ಮುಂದೆ ಸ್ಟೂಲು ಹಾಕಿಕೊಂಡು ಕುಳಿತು ಒಗ್ಗರಣೆ ಹಾಕುವುದನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ.

ನಮ್ಮ ಅಂತಸ್ತಿನಲ್ಲಿ ಎಂಟು ಕೊಠಡಿಗಳು, ಎಂಟು ಒಲೆಗಳು. ಸಂಜೆ ಆರು ಗಂಟೆಗೆ ನಡುವಣ ಓಣಿಯಲ್ಲಿ ನಿಂತರೆ ಭರತಖಂಡದ ಪೂರ್ವಾರ್ಧವೆಲ್ಲವೂ ಮೂಗಿಗೆ ಬರುತ್ತಿದ್ದಿತು. ಸಾಸಿವೆಯೆಣ್ಣೆಯಲ್ಲಿ ಕರಿದ ಮೀನಿನ ವಾಸನೆಯು ಮೊದಲ ಎರಡು ದಿನ ನಮಗೆ ಬಲು ಕಷ್ಟವಾಯಿತು. ಕಿಟಕಿಯ ಕಡೆ ತಿರುಗಿ ಉಂಡೆವು. ಮನೆಯವರು, “ನಮ್ಮ ಇಂಗಿನ ವಾಸನೆ ಅವರಿಗೆ ಹೇಗಿದೆಯೋ ಯಾರು ಬಲ್ಲರು?” ಎಂದರು. ಆಮೇಲೆ ಆ ವಿಷಯವನ್ನು ನಾವು ಎತ್ತಲಿಲ್ಲ.

ಎದುರು ಕೊಠಡಿಯಲ್ಲಿ ಬಂಗಾಳದ ಬಾಂಕುರಾ ಕಡೆಯ ತಾಯಿಯೂ ಹನ್ನೆರಡು ವರ್ಷದ ಅವಳ ಮಗನೂ ಇದ್ದರು. ಹುಡುಗನಿಗೆ ರಕ್ತದ ವ್ಯಾಧಿ. ಹೊರಗಿನ ತಿಂಡಿಯೇ ಕೂಡದು, ಆಗಲೇ ಬೇಯಿಸಿದ ಬಿಸಿ ಅನ್ನವನ್ನೇ ಕೊಡಬೇಕೆಂದು ವೈದ್ಯರ ಕಟ್ಟಪ್ಪಣೆ. ಅವರು ಬಂದು ನಾಲ್ಕು ತಿಂಗಳಾಗಿದ್ದಿತು. ತಂದೆಯು ಊರಿನಲ್ಲಿ ಹೊಲವನ್ನು ಅಡವಿಟ್ಟು ಹಣ ಕಳುಹಿಸುತ್ತಿದ್ದನಂತೆ. ಆಕೆಗೆ ಕನ್ನಡ ಬಾರದು, ಮನೆಯವರಿಗೆ ಬಂಗಾಳಿ ಬಾರದು. ಇಬ್ಬರಿಗೂ ಹಿಂದಿ ಅಷ್ಟಕ್ಕಷ್ಟೆ. ಆದರೂ ಮಾತಿಗೆ ಬರಗಾಲವಿರಲಿಲ್ಲ. ಒಂದು ದಿನ ಆಕೆ ತೊಂಡೆಕಾಯಿಗಿಂತ ದಪ್ಪವಾದ ಹಸಿರು ಕಾಯೊಂದನ್ನು ತೋರಿಸಿ ‘ಪಟೋಲ್’ ಎಂದಳು. ನಮಗೆ ಕಿವಿ ನಿಮಿರಿತು. ಅದು ಸಂಸ್ಕೃತದ ‘ಪಟೋಲ’. ನಮ್ಮ ಪಡವಲವೂ ಅದೇ ಶಬ್ದದಿಂದ ಬಂದುದು. ಕಾಯಿ ಬೇರೆ, ಹೆಸರಿನ ಬೇರು ಒಂದೇ. ನಾವು ಉಪಾಧ್ಯಾಯರೆಂದು ತಿಳಿದಮೇಲೆ ಆಕೆ ನಮ್ಮನ್ನು ‘ಮಾಸ್ಟರ್‌ಮಶಾಯ್’ ಎಂದೂ ಮನೆಯವರನ್ನು ‘ದೀದಿ’ ಎಂದೂ ಕರೆಯತೊಡಗಿದಳು. ಮಶಾಯ್ ಎಂಬುದು ನಮ್ಮ ‘ಮಹಾಶಯ’ವೇ. ಹುಡುಗನಿಗೆ ಶಾಲೆ ತಪ್ಪಿದ್ದುದರಿಂದ ಮಧ್ಯಾಹ್ನ ಅವನನ್ನು ಬಾಗಿಲ ಬಳಿ ಕೂರಿಸಿಕೊಂಡು ಭಿನ್ನರಾಶಿಯ ಲೆಕ್ಕಗಳನ್ನು ಮಾಡಿಸುತ್ತಿದ್ದೆವು. ಅವನು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಎರಡು ಮೊಳ ದೂರದಲ್ಲಿ ಕೂರುವನು. ಚುರುಕಾದ ಹುಡುಗ. ಮುಕ್ಕಾಲರಲ್ಲಿ ಅರ್ಧವೆಷ್ಟೆಂದು ಕೇಳಿದರೆ, ಒಂದು ರೊಟ್ಟಿಯನ್ನು ಗಾಳಿಯಲ್ಲಿ ಕತ್ತರಿಸಿ ಉತ್ತರ ಹೇಳುವನು.

ಕುಕ್ಕರಿನ ಕೂಗು ಆ ಅಂತಸ್ತಿನ ವಾರ್ತಾಪತ್ರಿಕೆಯಾಗಿದ್ದಿತು. ಯಾರ ಕೊಠಡಿಯಲ್ಲಿ ಎಷ್ಟು ಹೊತ್ತಿಗೆ ಕೂಗುವುದೆಂಬುದು ಒಂದು ವಾರದಲ್ಲಿ ಎಲ್ಲರಿಗೂ ಗೊತ್ತಾಗುವುದು. ಬೇಗ ಕೂಗಿದರೆ ವೈದ್ಯರು ಬೇಗ ಬಿಟ್ಟರೆಂದು ಅರ್ಥ. ತಡವಾದರೆ ಹೊಸ ಪರೀಕ್ಷೆ. ಕೂಗದಿದ್ದರೆ ವಾರ್ಡಿಗೆ ಸೇರಿಸಿದ್ದಾರೆಂದು ಅರ್ಥ.

ಏಳನೆಯ ದಿನ ನಮ್ಮ ಒಲೆಯೂ ಸುಮ್ಮನಾಯಿತು. ಅಂದು ಮನೆಯವರನ್ನು ಒಳಗೆ ಸೇರಿಸಿಕೊಂಡು, ಬೆನ್ನಿನ ಕಡೆಯಿಂದ ಸೂಜಿಯನ್ನಿಳಿಸಿ ಮೂತ್ರಪಿಂಡದ ದಾರದಂಥ ಒಂದು ಎಳೆಯನ್ನು ತೆಗೆದರು. ಅನಂತರ ಹಲವು ಗಂಟೆ ಅಲುಗದೆ ಅಂಗಾತ ಮಲಗಿರಬೇಕು. ರಕ್ತಸ್ರಾವವಾಗುವುದೋ ಎಂದು ಕಾಯಬೇಕು. ರಾತ್ರಿ ಜೊತೆಗಿರುವುದಕ್ಕೆ ನಮ್ಮ ನಾದಿನಿ ಬಂದಿದ್ದರು. ನಾವು ಒಂಬತ್ತು ಗಂಟೆಗೆ ಕೊಠಡಿಗೆ ಬಂದೆವು. ಅನ್ನ ಮಾಡಿಕೊಳ್ಳುವುದು ನಮಗೆ ಹೊಸದಲ್ಲ; ಮೈಸೂರಿನಲ್ಲಿ ಓದುವಾಗ ನಾಲ್ಕು ವರ್ಷ ಸ್ವಯಂಪಾಕದಲ್ಲಿಯೇ ಇದ್ದವರು. ಆದರೆ ಅಂದು ಒಲೆ ಹಚ್ಚುವುದಕ್ಕೆ ಕೈ ಬರಲಿಲ್ಲ. ಗೂಡಿನಲ್ಲಿ ಬೆಳಗ್ಗೆ ಅಳೆದಿಟ್ಟಿದ್ದ ಉಪ್ಪು ಮುಟ್ಟದೆ ಹಾಗೆಯೇ ಇದ್ದಿತು. ಸ್ವಲ್ಪ ಹೊತ್ತಿನಲ್ಲಿ ಬಾಗಿಲು ಸದ್ದಾಯಿತು. ಆ ತಾಯಿ ಒಂದು ತಟ್ಟೆಯಲ್ಲಿ ಅನ್ನ, ತೊವ್ವೆ, ಆಲೂಗಡ್ಡೆಯ ಪಲ್ಯವನ್ನಿಟ್ಟುಕೊಂಡು ನಿಂತಿದ್ದಳು. ತಟ್ಟೆಯನ್ನು ತೋರಿಸಿ, “ಮೀನು ಮುಟ್ಟಿದ ಪಾತ್ರೆಯಲ್ಲ, ಮಾಸ್ಟರ್‌ಮಶಾಯ್, ತೊಳೆದು ಬೇರೆ ಇಟ್ಟಿದ್ದು” ಎಂದು ಹಿಂದಿಯಲ್ಲಿ ಹೇಳಿದಳು. ನಾವು ಉಂಡೆವು.

ಮನೆಯವರು ಮರುದಿನ ಸುಖವಾಗಿ ಹಿಂದಿರುಗಿದರು. ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತೀರ್ಮಾನ ಹೇಳುವುದಕ್ಕೆ ಒಂದು ವಾರ ಬೇಕೆಂದರು. ಆ ವಾರದಲ್ಲಿ ಒಂದು ಸಂಜೆ ನಾವೊಬ್ಬರೇ ಕೋಟೆಗೆ ಹೋಗಿಬಂದೆವು. ವಿಜಯನಗರದ ಸಾಮಂತನಾಗಿದ್ದ ಚಿನ್ನಬೊಮ್ಮನಾಯಕನ ಕಾಲದ ಕೋಟೆ. ಸುತ್ತಲೂ ನೀರು ತುಂಬಿದ ಕಂದಕ. ಕುವಲಯಾನಂದವನ್ನು ಬರೆದ ಅಪ್ಪಯ್ಯ ದೀಕ್ಷಿತರನ್ನು ಈ ನಾಯಕನೇ ಆದರಿಸಿ ಕನಕಾಭಿಷೇಕ ಮಾಡಿದನೆಂದು ಪ್ರತೀತಿ. ಆ ಗ್ರಂಥವನ್ನು ಮೂವತ್ತು ವರ್ಷ ಪಾಠ ಹೇಳಿದ ನಮಗೆ ಕೋಟೆಯ ಕಲ್ಲುಗಳು ಅಪರಿಚಿತವೆನಿಸಲಿಲ್ಲ. ಒಳಗಿರುವ ಜಲಕಂಠೇಶ್ವರನ ಗುಡಿಯು ಶತಮಾನಗಳ ಕಾಲ ದೇವರಿಲ್ಲದೆ ಇದ್ದು, 1981ರಲ್ಲಿ ಲಿಂಗವನ್ನು ಮತ್ತೆ ತಂದು ಪ್ರತಿಷ್ಠಿಸಿದರು. ಶ್ರೀರಂಗಪಟ್ಟಣವು 1799ರಲ್ಲಿ ಬಿದ್ದಮೇಲೆ ಟಿಪ್ಪುವಿನ ಮಕ್ಕಳನ್ನೂ ಪರಿವಾರವನ್ನೂ ಇಂಗ್ಲಿಷರು ತಂದಿಟ್ಟುದು ಇದೇ ಕೋಟೆಯಲ್ಲಿ. 1806ರ ಜುಲೈ 10ರಂದು ಸಿಪಾಯಿಗಳು ಇಲ್ಲಿ ದಂಗೆಯೆದ್ದರು. ಅದನ್ನು ಅಡಗಿಸಿದಮೇಲೆ ಆ ಕುಟುಂಬವನ್ನು ಕಲ್ಕತ್ತೆಗೆ ಸಾಗಿಸಿದರು. ಅಂದು ಕನ್ನಡನಾಡಿನ ಒಂದು ಮನೆತನವು ವೆಲ್ಲೂರಿನಿಂದ ಬಂಗಾಳಕ್ಕೆ ಹೋಯಿತು. ಇಂದು ಬಂಗಾಳದ ಮನೆತನಗಳು ಅದೇ ಊರಿಗೆ ಬಂದು, ನಮ್ಮ ಎದುರು ಬಾಗಿಲಿನಲ್ಲಿ ಅನ್ನ ಬೇಯಿಸುತ್ತಿವೆ. ಕಂದಕದ ದಂಡೆಯಲ್ಲಿ ಈ ಯೋಚನೆಯಲ್ಲಿ ನಿಂತಿದ್ದವರಿಗೆ ಹೊತ್ತು ಮುಳುಗಿದುದು ಗೊತ್ತಾಗಲಿಲ್ಲ.

ಹನ್ನೊಂದನೆಯ ದಿನ ಹುಡುಗನಿಗೆ ಜ್ವರ ಬಂದಿತು. ರಾತ್ರಿಯೇ ಕರೆದುಕೊಂಡು ಹೋದರು. ಎದುರು ಕೊಠಡಿಗೆ ಬೀಗ ಬಿದ್ದಿತು. ಮರುದಿನ ಸಂಜೆ ಏಳು ಕೊಠಡಿಗಳಿಂದ ಕೂಗು ಕೇಳಿಸಿತು, ಎಂಟನೆಯದರಿಂದ ಇಲ್ಲ. ಅದರ ಮರುದಿನವೂ ಇಲ್ಲ. ಮ್ಯಾನೇಜರನ್ನು ಕೇಳಿದರೆ, “ಐಸಿಯುವಿನಲ್ಲಿ ಇಲ್ಲ ಸಾರ್, ವಾರ್ಡಿನಲ್ಲಿಯೇ” ಎಂಬಷ್ಟು ಮಾತ್ರ ಗೊತ್ತಾಯಿತು. ಮನೆಯವರು ಆರು ಗಂಟೆಯ ಸುಮಾರಿಗೆ ಕೆಲಸವಿಲ್ಲದಿದ್ದರೂ ಬಾಗಿಲನ್ನು ತೆರೆದಿಡತೊಡಗಿದರು. ಈ ನಡುವೆ, ಹದಿನೈದನೆಯ ದಿನ, ನಮ್ಮ ವರದಿ ಬಂದಿತು. ವ್ಯಾಧಿಯು ಔಷಧಕ್ಕೆ ಬಗ್ಗುವ ಜಾತಿಯದೇ. ಆರು ತಿಂಗಳು ಮಾತ್ರೆ ನಡೆಯಬೇಕು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಉಪ್ಪಿನ ನಿಯಮ ಬಿಡಕೂಡದು ಎಂದರು. ಪೂರಾ ಗುಣವಾಗುವುದೇ ಎಂದು ಕೇಳಿದುದಕ್ಕೆ, “ನೋಡೋಣ, ಮೊದಲು ಸೋರುವುದು ನಿಲ್ಲಲಿ” ಎಂದು ಹೇಳಿದರು. ಅಷ್ಟು ನಮಗೆ ಸಾಕಾಗಿದ್ದಿತು. ಅಂದು ಸಜ್ಜಿಗೆ ಮಾಡಿ ಅಂತಸ್ತಿನವರಿಗೆಲ್ಲ ಹಂಚಿದೆವು. ಎದುರು ಬಾಗಿಲ ಪಾಲನ್ನು ಮುಚ್ಚಿಟ್ಟು, ರಾತ್ರಿ ನಾವೇ ತಿಂದೆವು.

ಹದಿನೇಳನೆಯ ದಿನ ಸಂಜೆ ಮನೆಯವರು ಮುಳ್ಳುಬದನೆಗೆ ಮಸಾಲೆ ತುಂಬುತ್ತಿದ್ದರು. ಎದುರಿನಿಂದ ಕುಕ್ಕರು ಕೂಗಿತು. ಕೈಯಲ್ಲಿದ್ದ ಬದನೆಯನ್ನು ಹಾಗೆಯೇ ಹಿಡಿದು ಅವರು ಓಣಿಗೆ ಹೋದರು. ತಾಯಿ ಒಬ್ಬಳೇ ಬಂದಿದ್ದಳು. ಜ್ವರ ಇಳಿದಿದೆ, ನಾಳಿದ್ದು ಬಿಡುತ್ತಾರೆ, ಅವನಿಗೆ ಗಂಜಿ ಬೇಕಂತೆ ಎಂದು ಆಕೆ ಮೂರು ಭಾಷೆಗಳನ್ನು ಕಲಸಿ ಹೇಳಿದಳು. ಮನೆಯವರಿಗೆ ಅದು ಪೂರ್ತಿಯಾಗಿ ಅರ್ಥವಾಯಿತು. ಇಬ್ಬರೂ ಬಹಳ ಹೊತ್ತು ಬಾಗಿಲಲ್ಲಿಯೇ ನಿಂತಿದ್ದರು. ನಮ್ಮ ಒಲೆಯ ಮೇಲಿನ ಎಣ್ಣೆ ಕಾದಿತೆಂದು ನಾವೇ ಬೆಂಕಿ ತಗ್ಗಿಸಿದೆವು.

ಲೆಕ್ಕ ಕೇಳುವ ವಾಚಕರಿಗಾಗಿ ಇಷ್ಟು ಹೇಳಬಹುದು. ಹೋಟೆಲಿನಲ್ಲಿ ಇಬ್ಬರು ಮೂರು ಹೊತ್ತು ಉಂಡರೆ ದಿನಕ್ಕೆ 500 ರೂಪಾಯಿಗೆ ಕಡಿಮೆಯಾಗದು. ಸ್ವಯಂಪಾಕದಲ್ಲಿ ಗ್ಯಾಸು, ಪಾತ್ರೆಗಳ ಬಾಡಿಗೆಯೂ ಸೇರಿ ನಮಗೆ 250ರೊಳಗೆ ಮುಗಿಯಿತು. ಹೋಗುವವರು ಮನೆಯಿಂದ ಸಾರಿನಪುಡಿ, ಇಂಗು, ಒಂದು ಒಳ್ಳೆಯ ಚಾಕು, ಪಾತ್ರೆ ಹಿಡಿಯುವ ಬಟ್ಟೆಗಳನ್ನು ಒಯ್ಯಬೇಕು. ಅಕ್ಕಿಯನ್ನು ಒಯ್ಯುವ ಅಗತ್ಯವಿಲ್ಲ, ಅಲ್ಲಿ ಒಳ್ಳೆಯದೇ ದೊರೆಯುತ್ತದೆ. ಕೊಠಡಿ ಹಿಡಿಯುವ ಮೊದಲು ಅಡಿಗೆಕಟ್ಟೆಯ ಮೇಲೆ ಕಿಟಕಿಯಾಗಲಿ ಫ್ಯಾನಾಗಲಿ ಉಂಟೇ ಎಂಬುದನ್ನು ನೋಡಬೇಕು. ಮೇಲಿನ ಅಂತಸ್ತಾದರೆ ಲಿಫ್ಟು ನಿಜವಾಗಿ ನಡೆಯುವುದೇ ಎಂಬುದನ್ನು ಹತ್ತಿಯೇ ತಿಳಿಯಬೇಕು. ಸಿಲಿಂಡರಿನ ನಳಿಗೆಯನ್ನು ರಾತ್ರಿ ಮರೆಯದೆ ಮುಚ್ಚಬೇಕು.

ಹೊರಡುವ ದಿನ ಪಾತ್ರೆಯಂಗಡಿಯವನು ಚೀಟಿಯೊಡನೆ ತಾಳೆ ನೋಡಿ, ಕುಕ್ಕರಿನ ತಳವನ್ನು ತಿರುಗಿಸಿ, “ಕೊಟ್ಟದ್ದಕ್ಕಿಂತ ಬೆಳ್ಳಗಿದೆ, ಅಮ್ಮಾ” ಎಂದನು. ಉಳಿದ ಬೇಳೆ, ಎಣ್ಣೆ, ಉಪ್ಪಿನ ಪೊಟ್ಟಣಗಳನ್ನು ಅಂದೇ ಬಂದಿಳಿದ ಧನಬಾದಿನ ದಂಪತಿಗಳಿಗೆ ಕೊಟ್ಟೆವು. ಹುಡುಗನು ಆಗಲೇ ಕೊಠಡಿಗೆ ಬಂದಿದ್ದನು. ಅವನಿಗೆ ಮಾಡಲು ಇಪ್ಪತ್ತು ಲೆಕ್ಕಗಳನ್ನು ಬರೆದುಕೊಟ್ಟು, ಉತ್ತರಗಳನ್ನು ಬರೆದ ಹಾಳೆಯನ್ನು ಮಡಿಸಿ ಅವನ ತಾಯಿಯ ಕೈಗೆ ಕೊಟ್ಟೆವು. ವೈಶಾಖದಲ್ಲಿ ಮತ್ತೆ ಹೋಗಬೇಕಾಗಿದೆ. ಆಗ ವೆಲ್ಲೂರಿನ ಬಿಸಿಲು ಕಲ್ಲನ್ನೂ ಸೀಳುವುದೆಂದು ಮ್ಯಾನೇಜರು ಮುಂಚಿತವಾಗಿಯೇ ಹೆದರಿಸಿದ್ದಾನೆ. ಆದರೂ ಅದೇ ಕೊಠಡಿಯನ್ನು ಹೇಳಿಟ್ಟು ಬಂದಿದ್ದೇವೆ. ಈ ಸಲ ಈಳಿಗೆಮಣೆಯನ್ನು ಒಯ್ಯಲೇಬೇಕೆಂದು ಮನೆಯವರ ಹಟ. ರೈಲಿನಲ್ಲಿ ಅದನ್ನು ಹೇಗೆ ಸುತ್ತಿಕೊಂಡು ಹೋಗುವುದೆಂಬ ಚರ್ಚೆ ಇನ್ನೂ ಮುಗಿದಿಲ್ಲ.